ಘಟಪ್ರಭಾ ತೀರದ ಒಕ್ಕಲುತನವೂ ಅದಕ್ಕೆ ಸಲ್ಲಬೇಕಾದ ನೆರವೂ



ಮಠದ ಮಹೋತ್ಸವದಲ್ಲಿ ಒಕ್ಕಲುತನದ ಮಾತೇಕೆಂದು ಕೇಳುವವರು ಈ ಸಭೆಯಲ್ಲಿ ಇರಲಾರರು. ದಾಸೋಹದ ಕೊಪ್ಪರಿಗೆಗೆ ಬೀಳುವ ಪ್ರತಿಯೊಂದು ಕಾಳೂ ಯಾವನೋ ಒಬ್ಬ ಒಕ್ಕಲಿಗನ ಹೊಲದಿಂದ ಬಂದುದೇ ಆಗಿದೆ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ನೇಗಿಲನ್ನು ಹಿಡಿದ ಒಕ್ಕಲಿಗ ಮುದ್ದಣ್ಣನಿಗೂ ಸ್ಥಾನವಿದ್ದಿತು. ಆದಕಾರಣ ಪೀಠಿಕೆಯನ್ನು ಬೆಳೆಸದೆ ವಿಷಯಕ್ಕೆ ಬರುವುದೇ ಲೇಸು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನೀರಾವರಿ ಭೂಮಿಯು ಮೊಮ್ಮಕ್ಕಳ ಕಾಲಕ್ಕೂ ಬೆಳೆ ಕೊಡುವಂತೆ ಉಳಿಯಬೇಕಾದರೆ ಒಕ್ಕಲಿಗನಿಗೆ ಎಂತಹ ನೆರವು ಬೇಕು ಎಂಬುದೇ ಇಲ್ಲಿಯ ಪ್ರಶ್ನೆ. ಉಪದೇಶವು ಅವನಿಗೆ ಬೇಕಾದಷ್ಟು ದೊರೆಯುತ್ತಲಿದೆ. ನೆರವಿನ ಮಾತು ಬೇರೆ.

ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ, ಮೂಡಲಿಗೆ ಸುಮಾರು 283 ಕಿಲೋಮೀಟರ್ ಹರಿದು, ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಸಂಕೇಶ್ವರದ ಕಡೆಯಿಂದ ಹಿರಣ್ಯಕೇಶಿಯೂ, ಬೆಳಗಾವಿಯ ಕಡೆಯಿಂದ ಮಾರ್ಕಂಡೇಯವೂ ಬಂದು ಅವಳಲ್ಲಿ ಸೇರುತ್ತವೆ. ಗೋಕಾಕದ ಹತ್ತಿರ ಅವಳು ಸುಮಾರು 52 ಮೀಟರ್ ಎತ್ತರದಿಂದ ಬಂಡೆಯ ಮೇಲಿನಿಂದ ಧುಮುಕುವ ನೋಟವನ್ನು ನೋಡದವರು ಈ ಸೀಮೆಯಲ್ಲಿ ಯಾರೂ ಇಲ್ಲ. ನೋಡಿ ಆನಂದಪಡುವವರು ಒಂದು ಸಂಗತಿಯನ್ನು ಮಾತ್ರ ಮರೆಯುತ್ತಾರೆ. ಆ ನೀರು ಬಹುಮಟ್ಟಿಗೆ ಘಟ್ಟದ ಮಳೆಯ ನೀರು, ಗೋಕಾಕದ ಮಳೆಯದಲ್ಲ. ಘಟ್ಟದ ಮೇಲೆ ಮೋಡಗಳು ತಮ್ಮ ಭಾರವನ್ನೆಲ್ಲ ಇಳಿಸಿ ಈಚೆ ಬರುವುದರಿಂದ, ಗೋಕಾಕ-ಮೂಡಲಗಿಗಳ ಬಯಲಿಗೆ ವರ್ಷಕ್ಕೆ ಬೀಳುವ ಮಳೆಯು ಹೆಚ್ಚುಕಡಿಮೆ 550ರಿಂದ 600 ಮಿಲಿಮೀಟರ್ ಮಾತ್ರ. ನದಿಯು ತುಂಬಿ ಹರಿಯುತ್ತಿದ್ದರೂ ದಂಡೆಯ ಹೊಲವು ಬಾಯಾರಿರುವುದು ಈ ಸೀಮೆಯ ಹಳೆಯ ಕಥೆ.

ಆ ಬಾಯಾರಿಕೆಗೆ ತಕ್ಕಂತೆ ಹಿರಿಯರು ತಮ್ಮ ಒಕ್ಕಲುತನವನ್ನು ಹೊಂದಿಸಿಕೊಂಡಿದ್ದರು. ಎರೆಯ ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ. ಜೋಳದ ನಡುವೆ ಅಕ್ಕಡಿಯಾಗಿ ಕುಸುಬೆ ಇಲ್ಲವೆ ಕಡಲೆ. ಮಸಾರಿ ನೆಲದಲ್ಲಿ ಸಜ್ಜೆ, ತೊಗರಿ, ಶೇಂಗಾ. ಜೋಳದ ಕಾಳು ಮನೆಯ ಹಗೇವಿಗೆ, ಕಣಿಕೆ ಎತ್ತಿಗೆ, ಎತ್ತಿನ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಮರಳಿ ಹೊಲಕ್ಕೆ. ದ್ವಿದಳ ಧಾನ್ಯದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಕಟ್ಟುತ್ತವೆಂಬ ಶಾಸ್ತ್ರವನ್ನು ಅವರು ಓದಿರಲಿಲ್ಲ. ಆದರೆ ಹೆಸರು ಬೆಳೆದ ಹೊಲದಲ್ಲಿ ಜೋಳವು ಚೆನ್ನಾಗಿ ಬರುವುದೆಂಬುದನ್ನು ಬಲ್ಲವರಾಗಿದ್ದರು. ಎಳ್ಳಮಾವಾಸ್ಯೆಯ ದಿನ ಅದೇ ಹೊಲಕ್ಕೆ ಬುತ್ತಿಯನ್ನು ಕಟ್ಟಿಕೊಂಡು ಹೋಗಿ ಚರಗ ಚೆಲ್ಲುತ್ತಿದ್ದರು. ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವುದು ಸಲ್ಲದು. ಮಳೆ ತಪ್ಪಿದ ವರ್ಷ ಹಗೇವು ಬರಿದಾಗುತ್ತಿತ್ತು. 1876ರಿಂದ 1878ರ ವರೆಗಿನ ಬರದಲ್ಲಿ ಮುಂಬಯಿ ಕರ್ನಾಟಕದ ಹಳ್ಳಿಗಳು ಅನುಭವಿಸಿದುದನ್ನು ಬಲ್ಲವರು ಹಳೆಯ ಒಕ್ಕಲುತನಕ್ಕೆ ಮರಳಿರೆಂದು ಲಘುವಾಗಿ ಹೇಳಲಾರರು.

ಧೂಪದಾಳದ ಹತ್ತಿರ ನದಿಗೆ ಕಲ್ಲಿನ ಒಡ್ಡನ್ನು ಹಾಕಿ ಎಡದಂಡೆಗೆ ಕಾಲುವೆಯನ್ನು ತಿರುಗಿಸಿದುದು ಆ ಬರದ ತರುವಾಯ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಸ್ವಾತಂತ್ರ್ಯಾನಂತರ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟು ಎದ್ದಿತು. ವಂಟಮೂರಿಯ ರಾಜಾ ಲಖಮಗೌಡರ ಹೆಸರನ್ನು ಹೊತ್ತ ಆ ಜಲಾಶಯವು 51 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ. ಎಡದಂಡೆಯ ಕಾಲುವೆಯು 109 ಕಿಲೋಮೀಟರಿಗೆ ಬೆಳೆಯಿತು. ಬಲದಂಡೆಯ ಕಾಲುವೆಯು ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಬೆಳಗಾವಿ, ಬಾಗಲಕೋಟೆ ಎರಡೂ ಜಿಲ್ಲೆಗಳು ಕೂಡಿ ಸುಮಾರು 3.17 ಲಕ್ಷ ಹೆಕ್ಟೇರಿಗೆ ನೀರುಣಿಸುವುದು ಯೋಜನೆಯ ಗುರಿ. ಜೋಳದ ಹೊಲಗಳು ಕಬ್ಬಿನ ತೋಟಗಳಾದವು. ಮಕ್ಕಳು ಶಾಲೆಗೆ ಹೋದರು, ಮಣ್ಣಿನ ಮಾಳಿಗೆಯ ಜಾಗದಲ್ಲಿ ಕಲ್ಲಿನ ಮನೆಗಳೆದ್ದವು. 1969ರಲ್ಲಿ ಹುಕ್ಕೇರಿಯ ಜನರು ಸಹಕಾರ ತತ್ತ್ವದ ಮೇಲೆ ತಮ್ಮದೇ ಗ್ರಾಮೀಣ ವಿದ್ಯುತ್ ಸಂಘವನ್ನು ಕಟ್ಟಿಕೊಂಡರು. ಪಂಪುಗಳಿಗೆ ಕರೆಂಟು ಬಂದಿತು. ಈ ಏಳಿಗೆಯನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ನೀರು ಬಂದ ನೆಲದಲ್ಲಿ ಕಬ್ಬೊಂದೇ ಏಕೆ ಹಬ್ಬಿತು? ಒಕ್ಕಲಿಗನ ಆಸೆಯೇ ಇದಕ್ಕೆ ಕಾರಣವೆಂದು ಪೇಟೆಯವರು ಹೇಳುವುದುಂಟು. ಇದು ಅರೆತಿಳಿವಿನ ಮಾತು. ಕಬ್ಬು ಹನ್ನೆರಡರಿಂದ ಹದಿನೆಂಟು ತಿಂಗಳು ನೆಲವನ್ನು ಹಿಡಿದಿರುವ ಪೀಕು. 1,500ರಿಂದ 2,000 ಮಿಲಿಮೀಟರಿಗೆ ಸಮನಾದ ನೀರನ್ನು ಬೇಡುತ್ತದೆ, ಎಂದರೆ ಇಲ್ಲಿಯ ಮಳೆಯ ಮೂರು ಪಾಲು. ಒಕ್ಕಲಿಗನು ಇದನ್ನು ಅರಿಯದವನಲ್ಲ. ಆದರೂ ಅವನು ಕಬ್ಬನ್ನೇ ಹಚ್ಚುತ್ತಾನೆ, ಏಕೆಂದರೆ ಬೆಳೆಗಳಲ್ಲಿ ಕಬ್ಬಿಗೆ ಮಾತ್ರ ಕಾಯಿದೆಯ ಬೆಂಬಲವಿದೆ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಾರಖಾನೆಯು ಗೊತ್ತುಪಡಿಸಿದ ಬೆಲೆಗಿಂತ ಕಡಿಮೆ ಕೊಡಕೂಡದು. ಕಬ್ಬು ಮುಟ್ಟಿದ 14 ದಿವಸಗಳೊಳಗೆ ಹಣವನ್ನು ಸಲ್ಲಿಸತಕ್ಕದ್ದು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿಯನ್ನು ಕೂಡಿಸತಕ್ಕದ್ದು. ಆಜ್ಞೆಯು ಹೊಲದಲ್ಲಿ ಎಷ್ಟರಮಟ್ಟಿಗೆ ನಡೆಯುತ್ತದೆಂಬುದು ಬೇರೆ ವಿಚಾರ. ಜೋಳಕ್ಕೂ ತೊಗರಿಗೂ ಇಂತಹ ಆಜ್ಞೆಯೇ ಇಲ್ಲ. ಅವುಗಳಿಗೆ ಸರಕಾರವು ಬೆಂಬಲ ಬೆಲೆಯನ್ನು ಸಾರುತ್ತದೆ. ಆ ಬೆಲೆಗೆ ಕೊಳ್ಳಲೇಬೇಕೆಂದು ಯಾವ ವ್ಯಾಪಾರಿಯನ್ನೂ ಕಟ್ಟುವುದಿಲ್ಲ.

2025ರ ಸುಗ್ಗಿಯಲ್ಲಿ ಈ ಭೇದವು ಹಗಲಿನಷ್ಟು ನಿಚ್ಚಳವಾಗಿ ತೋರಿತು. ಅಕ್ಟೋಬರ್ ತಿಂಗಳ ಕೊನೆಯಿಂದ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಹಗಲಿರುಳು ಕುಳಿತರು. ಟನ್ನಿಗೆ 3,500 ರೂಪಾಯಿ ದೊರೆಯಬೇಕೆಂಬುದು ಅವರ ಬೇಡಿಕೆ. ಕೇಂದ್ರ ಸರಕಾರವು ಆ ಹಂಗಾಮಿಗೆ ಗೊತ್ತುಮಾಡಿದ ನ್ಯಾಯಯುತ ಬೆಲೆಯು ನೂರಕ್ಕೆ 10.25 ಇಳುವರಿಯ ಕಬ್ಬಿಗೆ ಟನ್ನಿಗೆ 3,550 ಇದ್ದಿತಲ್ಲಾ, ಮತ್ತೇತರ ಜಗಳ ಎಂದು ದೂರದವರು ಕೇಳಿದರು. ಆ ಬೆಲೆಯಲ್ಲಿ ಕಟಾವಿನ ಕೂಲಿಯೂ ಸಾಗಾಣಿಕೆಯೂ ಕಳೆದುಹೋಗುತ್ತವೆಂಬುದು ಅವರಿಗೆ ತಿಳಿಯದು. ಒಕ್ಕಲಿಗನ ಕೈಗೆ ಉಳಿಯುವ ಲೆಕ್ಕವು ಬೇರೆ. ಸುತ್ತಲಿನ ಊರುಗಳ ಜನರೂ ಬಂದು ಸೇರಿದರು. ನವೆಂಬರ್ 7ರಂದು ರಾಜ್ಯ ಸರಕಾರವು 3,300 ರೂಪಾಯಿಯ ನಿರ್ಣಯವನ್ನು ಸಾರಬೇಕಾಯಿತು. ಅದೇ ತಿಂಗಳಲ್ಲಿ ಗೋವಿನಜೋಳದ ಗತಿಯೇನಾಯಿತೆಂಬುದನ್ನು ನೋಡಿರಿ. ಸಾರಿದ ಬೆಂಬಲ ಬೆಲೆಯು ಕ್ವಿಂಟಲಿಗೆ 2,400 ರೂಪಾಯಿ. ಪೇಟೆಯ ಧಾರಣೆಯು 2,000ಕ್ಕಿಂತಲೂ ಕೆಳಗೆ ಬಿದ್ದಿತು. ಕಬ್ಬಿನವನಿಗೆ ಜಗಳಕ್ಕೆ ಎದುರಾಳಿಯಾದರೂ ಒಬ್ಬನಿದ್ದನು. ಗೋವಿನಜೋಳದವನು ಯಾರ ಬಾಗಿಲಿಗೆ ಹೋಗಬೇಕು? ಇಂತಹ ಸ್ಥಿತಿಯಲ್ಲಿ, ‘ಕಬ್ಬನ್ನು ಬಿಡು, ನೀರನ್ನು ಉಳಿಸು, ಕಾಳುಕಡಿ ಬೆಳೆ’ ಎಂದು ಅವನಿಗೆ ಬುದ್ಧಿವಾದ ಹೇಳುವುದು, ಈಜುವವನ ಕೈಯೊಳಗಿನ ಕುಂಬಳದ ಬುರುಡೆಯನ್ನು ಕಸಿದುಕೊಂಡಂತೆಯೇ ಸರಿ.

ಇಷ್ಟನ್ನು ಒಪ್ಪಿಕೊಂಡ ಮೇಲೆ ಭೂಮಿಯ ಪರವಾಗಿಯೂ ಮಾತನಾಡಬೇಕಾಗುತ್ತದೆ, ಏಕೆಂದರೆ ಧರಣಿ ಕೂಡುವ ಶಕ್ತಿ ಅದಕ್ಕಿಲ್ಲ.

ಈ ಸೀಮೆಯ ಎರೆಮಣ್ಣು ಜಿಗುಟು ಮಣ್ಣು. ಬೇಸಿಗೆಯಲ್ಲಿ ಮೊಳಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಒಮ್ಮೆ ತೊಯ್ದಿತೆಂದರೆ ಮುಚ್ಚಿಕೊಂಡು ನೀರನ್ನು ಕೆಳಕ್ಕೆ ಬಿಡದು. ಮಳೆಯ ಆಧಾರದ ಜೋಳಕ್ಕೆ ಈ ಗುಣವು ವರವಾಗಿದ್ದಿತು, ಮಣ್ಣು ಹಿಡಿದ ತೇವದಲ್ಲಿಯೇ ಹಿಂಗಾರಿ ಬೆಳೆಯು ತೀರುತ್ತಿತ್ತು. ಕಾಲುವೆಯ ನೀರನ್ನು ವರ್ಷವಿಡೀ ತುಂಬಿಸಿ ನಿಲ್ಲಿಸಿದಾಗ ಅದೇ ಗುಣವು ಶಾಪವಾಗುತ್ತದೆ. ಬಸಿಯಲಾರದ ನೀರು ಒಳಗೆ ನಿಲ್ಲುತ್ತದೆ, ಅಂತರ್ಜಲವು ಬೇರಿನ ಮಟ್ಟಕ್ಕೆ ಏರುತ್ತದೆ. ಅದರೊಡನೆ ನೆಲದಾಳದ ಲವಣಗಳೂ ಮೇಲೇರುತ್ತವೆ. ಬಿಸಿಲಿಗೆ ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಮೊದಲು ಹೊಲದ ಒಂದು ಮೂಲೆಯಲ್ಲಿ ಕಬ್ಬು ಹಳದಿಯಾಗುವುದು. ಮರುವರ್ಷ ಅಲ್ಲಿ ಬೀಜದ ತುಣುಕು ಚಿಗುರುವುದಿಲ್ಲ. ಮೂರನೆಯ ವರ್ಷ ಬೆಳ್ಳಗೆ ಸುಣ್ಣ ಬಳಿದಂತೆ ಕಾಣುವುದು. ಒಕ್ಕಲಿಗರು ಇದನ್ನು ಸವಳು-ಜವಳು ಎನ್ನುತ್ತಾರೆ. ಸವಳೆಂದರೆ ಉಪ್ಪು, ಜವಳೆಂದರೆ ನಿಂತ ತೇವ. ಎರಡೂ ಒಂದೇ ರೋಗದ ಎರಡು ಮುಖಗಳು. ಘಟಪ್ರಭಾ, ಮಲಪ್ರಭಾ ಅಚ್ಚುಕಟ್ಟುಗಳೆರಡರಲ್ಲಿಯೂ ಈ ರೋಗವು ಹೊಕ್ಕಿದೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ಆದರೆ ಮದ್ದಿಗಿಂತ ಮೊದಲು ಪರೀಕ್ಷೆಯಾಗಬೇಕು. ಮಣ್ಣಿನ ವಿದ್ಯುತ್ ವಾಹಕತೆಯು 4ನ್ನು ಮೀರಿದ್ದರೆ ಅದು ಲವಣದ ಭೂಮಿ, ರಸಸಾರವು 8.5ನ್ನು ದಾಟಿ, ಮಣ್ಣಿನ ಕಣಗಳಿಗೆ ಸೋಡಿಯಂ ಹೆಚ್ಚಾಗಿ ಅಂಟಿಕೊಂಡಿದ್ದರೆ ಅದು ಕ್ಷಾರದ ಭೂಮಿ. ಮೊದಲನೆಯದಕ್ಕೆ ಒಳ್ಳೆಯ ನೀರಿನಿಂದ ತೊಳೆದು ಬಸಿಯುವುದೇ ಔಷಧ. ಎರಡನೆಯದಕ್ಕೆ ಜಿಪ್ಸಂ ಹಾಕಬೇಕು, ಅದರ ಸುಣ್ಣಾಂಶವು ಸೋಡಿಯಂ ಅನ್ನು ಕಿತ್ತು ಹೊರಗೆ ನೂಕುತ್ತದೆ. ಇದನ್ನರಿಯದೆ ನೆರೆಯವನು ಹಾಕಿದನೆಂದು ತಾನೂ ಜಿಪ್ಸಂ ಚೀಲಗಳನ್ನು ಸುರಿದು ಹಣ ಕಳೆದುಕೊಳ್ಳುವುದುಂಟು. ಡಯಾಂಚವನ್ನು ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಮುಗ್ಗು ಹೊಡೆಯುವುದು ಎರಡೂ ತರದ ಭೂಮಿಗೆ ಹಿತಕರ. ಈ ಔಷಧಗಳಿಗೆಲ್ಲ ಒಂದು ಪಥ್ಯವುಂಟು. ನೀರು ಹೊರಹೋಗುವ ದಾರಿಯಿರಬೇಕು. ದಾರಿಯಿಲ್ಲದಿದ್ದರೆ ಕಿತ್ತ ಉಪ್ಪು ಎಲ್ಲಿಗೆ ಹೋದೀತು? ಅಲ್ಲಿಯೇ ಸುತ್ತಾಡಿ ಮರುವರ್ಷ ಮೇಲಕ್ಕೆ ಬರುತ್ತದೆ.

ಭಕ್ತಬಾಂಧವರು ಇಲ್ಲಿ ವಿಶೇಷ ಲಕ್ಷ್ಯವಿಡಬೇಕು. ಬೀಜ, ಗೊಬ್ಬರ, ಪಂಪು ಇವು ಒಬ್ಬೊಬ್ಬನು ತನ್ನ ಹಣದಿಂದ ತರಬಹುದಾದವು. ಬಸಿಗಾಲುವೆಯು ಹಾಗಲ್ಲ. ನೆಲದೊಳಗೆ ಒಂದು ಮೀಟರಿನಷ್ಟು ಆಳದಲ್ಲಿ ತೂತುಗಳುಳ್ಳ ಕೊಳವೆಗಳನ್ನು ಹೂತು ನೀರನ್ನು ಬಸಿಯುವ ಉಪಾಯವಾಗಲಿ, ತೆರೆದ ಬಸಿಗಾಲುವೆಯಾಗಲಿ, ಕೊನೆಗೆ ಆ ನೀರು ಯಾವುದಾದರೊಂದು ಹಳ್ಳಕ್ಕೆ ಹೋಗಿ ಬೀಳಬೇಕು. ಹಳ್ಳಕ್ಕೂ ಹೊಲಕ್ಕೂ ನಡುವೆ ಹತ್ತು ಜನರ ಜಮೀನುಗಳಿರುತ್ತವೆ. ಒಬ್ಬನು ಒಲ್ಲೆನೆಂದರೆ ಮುಗಿಯಿತು. ಹಳ್ಳಗಳನ್ನೂ ಬದುಗಳನ್ನೂ ಉತ್ತು ಒತ್ತಿಕೊಂಡ ಮೇಲಂತೂ ಕೇಳುವುದೇ ಬೇಡ. ಇನ್ನೊಂದು ನಿಷ್ಠುರವಾದ ಮಾತನ್ನೂ ಹೇಳಿಬಿಡಬೇಕು. ಎತ್ತರದ ಹೊಲದವನು ಮಿತಿಮೀರಿ ಹಾಯಿಸಿದ ನೀರು ಅವನ ಹೊಲವನ್ನು ಬೇಗನೆ ಕೆಡಿಸುವುದಿಲ್ಲ. ನೆಲದೊಳಗೆ ಜಾರಿ ಹೋಗಿ ತಗ್ಗಿನ ಹೊಲದಲ್ಲಿ ಉಪ್ಪಾಗಿ ಏಳುತ್ತದೆ. ಕಾಲುವೆಯ ತಲೆಯಲ್ಲಿರುವವನು ಹೆಚ್ಚು ನೀರನ್ನು ಹಿಡಿದನೆಂದರೆ ಕೊನೆಯಲ್ಲಿರುವವನ ಬೆಳೆಗೆ ನೀರೇ ತಲುಪುವುದಿಲ್ಲ. ಹೀಗೆ ಒಂದೇ ಕಾಲುವೆಯ ಮೇಲೆ ಒಬ್ಬನು ನೀರು ಹೆಚ್ಚಾಗಿ, ಇನ್ನೊಬ್ಬನು ನೀರಿಲ್ಲದೆ ಕೆಡುವುದನ್ನು ಕಾಣಬಹುದು. ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮನು ಮರಳಿ ಕಳುಹಿಸಿದ ಪ್ರಸಂಗವು ಎಲ್ಲರಿಗೂ ಬಾಯಿಪಾಠವಾಗಿದೆ. ಕಾಲುವೆಯ ತೂಬಿನ ಹತ್ತಿರ ಅದು ಯಾರ ನೆನಪಿಗೂ ಬರದು.

ಆದಕಾರಣ ಈ ಕೆಲಸವು ಊರೊಟ್ಟಿನಿಂದಲೇ ಆಗಬೇಕಾದುದು. ಒಟ್ಟಾಗುವುದು ಈ ಸೀಮೆಗೆ ಹೊಸದಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾಯಿದೆಯು ಹೊರಟ ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಸಾಲದ ಸಂಘವನ್ನು ಕಟ್ಟಿದರು. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರಖಾನೆಯೂ ಸಹಕಾರಿ ಕಾರಖಾನೆಯಾಗಿಯೇ ಹುಟ್ಟಿತು. ಕರ್ನಾಟಕದ ನೀರಾವರಿ ಕಾಯಿದೆಯನ್ನು 2000ದಲ್ಲಿ ತಿದ್ದಿದ ಮೇಲೆ ನೀರು ಬಳಕೆದಾರರ ಸಹಕಾರ ಸಂಘಗಳಿಗೂ ಆಧಾರ ದೊರೆಯಿತು. ತೂಬಿನಿಂದಾಚೆಗೆ ನೀರನ್ನು ಹಂಚುವ ಹೊಣೆಯನ್ನು ಬೆಳೆಗಾರರೇ ಹೊರಬಹುದು. ಸಾಲಕ್ಕಾಗಿ ಒಟ್ಟಾದಷ್ಟು ಉತ್ಸಾಹದಿಂದ ಜನರು ನೀರಿಗಾಗಿ ಒಟ್ಟಾಗಲಿಲ್ಲ. ಹಲವು ಸಂಘಗಳು ಫಲಕದ ಮೇಲೆ ಮಾತ್ರ ಉಳಿದಿವೆ. ಇಂತಹ ಸಂಘವು ಸರದಿಯನ್ನು ಗೊತ್ತುಮಾಡಿ, ಬಸಿಗಾಲುವೆಗೆ ಹತ್ತು ಜನರ ಒಪ್ಪಿಗೆಯನ್ನೂ ದೊರಕಿಸಿಕೊಟ್ಟರೆ, ಸರಕಾರದ ಸಹಾಯಧನವು ಆಗ ಮಾತ್ರ ಸಾರ್ಥಕವಾದೀತು. ಇಲ್ಲದಿದ್ದರೆ ಒಬ್ಬೊಬ್ಬನ ಹೊಲದಲ್ಲಿ ತೋಡಿದ ಗುಂಡಿಯು ಗುಂಡಿಯಾಗಿಯೇ ಉಳಿಯುತ್ತದೆ.

ಇನ್ನು ಕಬ್ಬನ್ನು ಬಿಡದೆಯೇ ಮಾಡಬಹುದಾದ ಕೆಲವು ಕೆಲಸಗಳಿವೆ. ಕಟಾವಾದ ಮೇಲೆ ರವದಿಗೆ ಬೆಂಕಿಯಿಡುವ ರೂಢಿಯು ಇವುಗಳಲ್ಲಿ ಮೊದಲು ಬಿಡತಕ್ಕದ್ದು. ಒಂದು ಎಕರೆಯ ಕಬ್ಬಿನಿಂದ ಮೂರು-ನಾಲ್ಕು ಟನ್ ರವದಿ ಬೀಳುತ್ತದೆ. ಸುಟ್ಟರೆ ಅದರಲ್ಲಿಯ ಸಾರಜನಕವೆಲ್ಲ ಹೊಗೆಯಾಗಿ ಹೋಗುತ್ತದೆ. ಮೇಲ್ಮಣ್ಣಿನ ಸೂಕ್ಷ್ಮಜೀವಿಗಳೂ ಬೇಯುತ್ತವೆ. ಸಾಲು ಬಿಟ್ಟು ಸಾಲಿಗೆ ಹಾಸಿದರೆ ಅದೇ ರವದಿಯು ಕುಳೆ ಕಬ್ಬಿನ ತೇವವನ್ನು ಕಾಯುತ್ತದೆ, ಕಳೆಯನ್ನು ತಡೆಯುತ್ತದೆ, ವರ್ಷದೊಳಗೆ ಕೊಳೆತು ಗೊಬ್ಬರವಾಗುತ್ತದೆ. ಎತ್ತುಗಳು ಕಡಿಮೆಯಾಗಿ ತಿಪ್ಪೆಗೊಬ್ಬರವು ಬಂಗಾರವಾಗಿರುವ ಈ ದಿನಗಳಲ್ಲಿ, ಕೈಗೆ ಬಂದ ಗೊಬ್ಬರವನ್ನು ಸುಡುವುದು ಅರ್ಥವಾಗದ ವ್ಯವಹಾರ. ರವದಿಯಿದ್ದರೆ ಕುಳೆಗೆ ಗೊಬ್ಬರ ಹಾಕಲು ಅಡ್ಡಿ, ಇಲಿಯ ಕಾಟ ಎಂಬ ಆಕ್ಷೇಪಗಳಿವೆ; ಅವು ಸುಳ್ಳಲ್ಲ. ಕಾರಖಾನೆಯವರೇ ರವದಿಯನ್ನು ಪುಡಿಮಾಡುವ ಯಂತ್ರಗಳನ್ನು ಬಾಡಿಗೆಗೆ ಒದಗಿಸಿದರೆ ಅರ್ಧ ಆಕ್ಷೇಪಗಳು ತಾವಾಗಿಯೇ ಅಡಗುತ್ತವೆ. ಸಾಲುಗಳನ್ನು ನಾಲ್ಕೈದು ಅಡಿಗೆ ಅಗಲಿಸಿ ನಡುವೆ ಸೋಯಾ, ಹೆಸರು, ಉದ್ದು, ಇಲ್ಲವೆ ಉಳ್ಳಾಗಡ್ಡಿಯನ್ನು ಬೆಳೆದವರಿಗೆ ಕಬ್ಬಿನ ಬಿಲ್ಲು ಬರುವ ಮುಂಚೆಯೇ ನಾಲ್ಕು ಕಾಸು ಕೈಗೆ ಸಿಗುತ್ತದೆ. ಇದು ಹಿರಿಯರ ಅಕ್ಕಡಿಯ ಪದ್ಧತಿಯೇ. ಹೆಸರು ಮಾತ್ರ ಬದಲಾಗಿದೆ.

ಹನಿ ನೀರಾವರಿಯ ವಿಷಯದಲ್ಲಿ ಉತ್ಸಾಹಿಗಳು ಒಂದು ಅಡಚಣೆಯನ್ನು ಮರೆಯುತ್ತಾರೆ. ಅದರಿಂದ ನೀರಿನ ಮೂರರಲ್ಲೊಂದು ಪಾಲಾದರೂ ಉಳಿಯುವುದು ನಿಜ. ಆದರೆ ಹನಿ ನೀರಾವರಿಗೆ ದಿನಾಲು ಇಲ್ಲವೆ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ನೀರು ಬೇಕು. ಕಾಲುವೆಯು ಸರದಿಯ ಮೇಲೆ ಬರುತ್ತದೆ, ಬಂದಾಗ ಹೊಳೆಯಂತೆ ಬರುತ್ತದೆ. ಬಾವಿಯಿದ್ದವನು ನಿಭಾಯಿಸುತ್ತಾನೆ, ಇಲ್ಲದವನು ತುಂಬಿಸಿ ಹಾಯಿಸದೆ ಮತ್ತೇನು ಮಾಡಿಯಾನು? ಕೊಳವೆಗಳಿಗೆ ಕೊಡುವ ಸಹಾಯಧನದೊಡನೆ, ಸರದಿಯ ನೀರನ್ನು ಹಿಡಿದಿಡುವ ಹೊಂಡಕ್ಕೂ ಸಹಾಯ ಬೇಕು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಹೊಂಡಗಳು ಒಣ ಬೇಸಾಯದವರನ್ನು ಉದ್ದೇಶಿಸಿದವು. ಕಾಲುವೆಯ ಕೊನೆಯಲ್ಲಿರುವ ಒಕ್ಕಲಿಗನು ಕಾಗದದಲ್ಲಿ ನೀರಾವರಿಯವನು, ಹೊಲದಲ್ಲಿ ಒಣಬೇಸಾಯದವನು. ಅವನು ಎರಡು ಲೆಕ್ಕಗಳಿಗೂ ಸೇರದೆ ಉಳಿದಿರುತ್ತಾನೆ.

ವಿದ್ಯೆಯ ನೆರವಿಗೆ ದೂರ ಹೋಗಬೇಕಾದ್ದಿಲ್ಲ. ಅರಭಾವಿಯಲ್ಲಿ 1994ರಿಂದ ಕಿತ್ತೂರು ರಾಣಿ ಚನ್ನಮ್ಮನವರ ಹೆಸರಿನ ತೋಟಗಾರಿಕೆ ಕಾಲೇಜಿದೆ. ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಸಂಕೇಶ್ವರದಲ್ಲಿ ಕಬ್ಬಿನ ಸಂಶೋಧನೆ ನಡೆಯುತ್ತದೆ. ಮಣ್ಣನ್ನು ಪರೀಕ್ಷಿಸಿ ಕೊಡುವ ಆರೋಗ್ಯದ ಚೀಟಿಯ ಯೋಜನೆಯು 2015ರಲ್ಲಿ ಆರಂಭವಾಯಿತು. ಚೀಟಿಯು ಟ್ರಂಕಿನಲ್ಲಿಯೂ, ಗೊಬ್ಬರವು ಅಂಗಡಿಕಾರನ ಮಾತಿನ ಮೇಲೆಯೂ ನಡೆಯುತ್ತಿರುವುದು ಬಹಳ ಮನೆಗಳ ಸ್ಥಿತಿ. ಚೀಟಿಯನ್ನು ಓದಿ ಹೇಳುವವನೊಬ್ಬನು ಊರಲ್ಲಿರಬೇಕು. ಆ ಕೆಲಸವನ್ನು ಕಲಿತ ತರುಣರು ಪ್ರತಿ ಹಳ್ಳಿಯಲ್ಲಿಯೂ ಇದ್ದಾರೆ, ಅವರನ್ನು ಕೇಳುವವರಿಲ್ಲ.

ಮಠಗಳು ಈ ವಿಷಯದಲ್ಲಿ ಏನು ಮಾಡಬಹುದೆಂಬುದಕ್ಕೆ ನಾಡಿನಲ್ಲಿ ಉದಾಹರಣೆಗಳಿವೆ. ಸುತ್ತೂರಿನಲ್ಲಿ ಮಠದ ವಿದ್ಯಾಪೀಠದ ಆಶ್ರಯದಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವು ನಡೆಯುತ್ತಲಿದೆ. ಸಿದ್ಧಗಂಗೆಯ ಜಾತ್ರೆಯಲ್ಲಿ ದನಗಳ ಪರಿಷೆಯೊಡನೆ ಕೃಷಿಯ ವಸ್ತುಪ್ರದರ್ಶನವೂ ಕೂಡುತ್ತದೆ. ಈ ಸೀಮೆಯ ಮಠಗಳಿಗೂ ಜಾತ್ರೆಗಳಿವೆ, ಹಲವಕ್ಕೆ ಹೊಲಗಳಿವೆ. ಮಠದ ಹೊಲದಲ್ಲಿ ಎರಡು ಎಕರೆಯನ್ನಾದರೂ ರವದಿ ಸುಡದೆ, ಅಕ್ಕಡಿ ಹಾಕಿ, ಲೆಕ್ಕ ಬರೆದಿಟ್ಟು ಬೆಳೆದು ತೋರಿಸಿದರೆ, ನೂರು ಭಾಷಣಗಳು ಮಾಡಲಾರದ ಕೆಲಸವು ಅದರಿಂದ ಆದೀತು. ದಾಸೋಹಕ್ಕೆ ವರ್ಷವಿಡೀ ಬೇಕಾಗುವ ಜೋಳ, ತೊಗರಿ, ಕಡಲೆಗಳನ್ನು ಪೇಟೆಯಿಂದ ತರುವುದರ ಬದಲು ಸುತ್ತಲಿನ ಒಕ್ಕಲಿಗರೊಡನೆ ಬಿತ್ತಿಗೆಯ ಮೊದಲೇ ಬೆಲೆಯನ್ನು ಗೊತ್ತುಮಾಡಿ ಕೊಳ್ಳಬಹುದು. ಕಾಯಿದೆಯು ಕಬ್ಬಿಗೆ ಮಾತ್ರ ಕೊಟ್ಟ ಭರವಸೆಯನ್ನು ನಾಲ್ಕು ಊರುಗಳ ಜೋಳಕ್ಕೆ ಕೊಡುವಷ್ಟು ಶಕ್ತಿ ದೊಡ್ಡ ದಾಸೋಹಕ್ಕೆ ಉಂಟು. ಬಸಿಗಾಲುವೆಗೆ ದಾರಿ ಬಿಡಲೊಲ್ಲದ ನೆರೆಹೊರೆಯವರನ್ನು ಒಂದೇ ಕಂಬಳಿಯ ಮೇಲೆ ಕೂಡ್ರಿಸುವ ಅಧಿಕಾರವಂತೂ ಯಾವ ಇಲಾಖೆಗಿಂತಲೂ ಸ್ವಾಮಿಗಳಿಗೆ ಹೆಚ್ಚಾಗಿದೆ. ತಹಶೀಲದಾರನ ನೋಟೀಸಿಗೆ ಬಾರದವನು ಮಠದ ಕರೆಗೆ ಬರುತ್ತಾನೆ.

2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕದ ಓಣಿಗಳಲ್ಲಿ ನಿಂತಳು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ನಾಲ್ಕು ವರ್ಷಗಳ ಅಂತರದಲ್ಲಿ ನೆರೆಯನ್ನೂ ಬರವನ್ನೂ ಕಂಡ ಬಯಲಿನಲ್ಲಿ, ಹೆಚ್ಚು ನೀರು ಹೋಗಲು ದಾರಿಯೂ, ಕಡಿಮೆ ನೀರಿನಲ್ಲಿ ಬದುಕುವ ಬೆಳೆಯೂ ಎರಡೂ ಬೇಕಾಗುತ್ತವೆ. ಕಾಲುವೆ ನಿಂತು ನೆಲವು ಒಣಗಿದ ಬೇಸಿಗೆಯ ಎರಡು ತಿಂಗಳು ಬಸಿಗಾಲುವೆ ತೋಡಲು ತಕ್ಕ ಕಾಲ. ರೋಹಿಣಿ ಮಳೆ ಬಿದ್ದ ಮೇಲೆ ಎರೆಯಲ್ಲಿ ಗುದ್ದಲಿ ಇಳಿಯದು. ಹಳ್ಳದ ಗುರುತನ್ನು ಹಳೆಯ ನಕಾಶೆಯಲ್ಲಿ ನೋಡಿಕೊಂಡು, ಹತ್ತು ಜನರ ಒಪ್ಪಿಗೆಯ ಕಾಗದವನ್ನು ಯುಗಾದಿಯೊಳಗೆ ಬರೆಸಿಕೊಂಡ ಊರಿಗೆ ಅದೇ ಬೇಸಿಗೆಯಲ್ಲಿ ಕೆಲಸವನ್ನು ಆರಂಭಿಸಲು ಬರುತ್ತದೆ.